ಮಣಿಪಾಲ ಮಂಡಲಾಂತರ್ಗತ ನಿಷ್ಪರವಾನಗಿ ತರಂಗಗಳ ಸಹಜೀವನ ಮೀಮಾಂಸೆ: ಒಂದು ಪೂರ್ವಪೀಠಿಕೆ

ಪ್ರಸ್ತುತ ಸಂಪ್ರಬಂಧದ ಭೌಗೋಳಿಕ ವ್ಯಾಪ್ತಿ ಪಡುವಣದ ಕಾಪು ದೀಪಸ್ತಂಭದಿಂದ ಮೂಡಣದ ಕಾರ್ಕಳ ಗೊಮ್ಮಟನವರೆಗೆ. ನಡುವೆ ಉಡುಪಿ, ಮಣಿಪಾಲ. ಕಾಲವ್ಯಾಪ್ತಿ 2005ರಿಂದ ಈಚೆಗೆ. ಆ ವರ್ಷದ ಕೇಂದ್ರ ಸರಕಾರದ ನಿಯಮದಂತೆ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣ ಬಳಸಲು ಪರವಾನಗಿ ಬೇಡ. ಶರತ್ತು: ಇನ್ನೊಬ್ಬರಿಗೆ ಅಡ್ಡಿ ಮಾಡಬಾರದು, ತನಗೆ ಅಡ್ಡಿಯಾದರೆ ರಕ್ಷಣೆ ಕೇಳಬಾರದು. ಸದರಿ ಶರತ್ತಿನ ಬಹುಸ್ತರೀಯ ಸಂಕಥನಾತ್ಮಕ ಆಯಾಮಗಳನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುವುದೇ ಇಲ್ಲಿನ ಆಶಯವೂ ಹೌದು, ಮಿತಿಯೂ ಹೌದು.

ವರ್ಗೀಕರಣ. ಈ ಆಕಾಶದ ಪ್ರಜೆಗಳು ಚತುರ್ವಿಧ.

ಪ್ರಥಮ, ಶ್ರವಣಪೂರ್ವಭಾಷಿ, ಅರ್ಥಾತ್ ವೈಫೈ ರೂಟರು. ಇದು ಮೊದಲು ಕಿವಿಗೊಡುತ್ತದೆ. ಬೇರೆಯವರ ಮಾತು ನಡೆದಿದ್ದರೆ ಸುಮ್ಮನಿರುತ್ತದೆ. ಮಾತು ನಿಂತ ಮೇಲೂ ಒಡನೆ ಬಾಯಿ ತೆರೆಯದೆ, ಸೊನ್ನೆಯಿಂದ ಹದಿನೈದರೊಳಗಿನ ಯಾವುದೋ ಸಂಖ್ಯೆಯೊಂದನ್ನು ಹಿಡಿದು, ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಅಷ್ಟು ಎಣಿಸುತ್ತದೆ. ಆದರೂ ಇಬ್ಬರ ಮಾತು ಡಿಕ್ಕಿಯಾದರೆ ಎಣಿಕೆಯ ಮಿತಿಯನ್ನು ಹೆಚ್ಚುಕಡಿಮೆ ಇಮ್ಮಡಿಸುತ್ತ, 1023ರವರೆಗೂ ಹೋಗಿ, ಮತ್ತೆ ಕಾಯುತ್ತದೆ. ಸರದಿ ಸಿಕ್ಕಿತೋ, ಕೆಲವೇ ಮಿಲಿಸೆಕೆಂಡಿನಲ್ಲಿ ಹೇಳಿ ಮುಗಿಸಿ ಜಾಗ ಬಿಡುತ್ತದೆ.

ದ್ವಿತೀಯ, ಲಂಘನಶೀಲ: ಬ್ಲೂಟೂತ್. 79 ಹಾದಿಗಳ ನಡುವೆ ಸೆಕೆಂಡಿಗೆ 1600 ಸಲ ಹಾರುತ್ತದೆ. ಗದ್ದಲವಿರುವ ಹಾದಿಗಳನ್ನು ಗುರುತಿಸಿ ಬಿಟ್ಟೂ ಬಿಡುತ್ತದೆ.

ತೃತೀಯ, ನಿಷ್ಕರ್ಣ: ಮೈಕ್ರೋವೇವ್ ಓವನ್. ಅದಕ್ಕೆ ಬಾಯಿಯುಂಟು, ಕಿವಿಯಿಲ್ಲ.

ಚತುರ್ಥ... ಇರಲಿ ಬಿಡಿ.

ಕ್ಷೇತ್ರಕಾರ್ಯ. ಮಣಿಪಾಲದ ಯಾವ ಪಿಜಿಯಲ್ಲಿ ಫೋನು ತೆರೆದರೂ ವೈಫೈ ಹೆಸರುಗಳು ಪರದೆ ತುಂಬುತ್ತವೆ. ಹದಿಮೂರು ಚಾನೆಲ್ ಎಂಬುದು ಕಾಗದದ ಲೆಕ್ಕ. ಒಂದಕ್ಕೊಂದು ತಾಗದಂತೆ ಬಳಸಬೇಕೆಂದರೆ 1, 6, 11 ಇಷ್ಟೇ. ಯಾರೋ ಜಾಣರು ಮೂರನೆಯದು ಖಾಲಿಯಿದೆಯೆಂದು ಅಲ್ಲಿ ಕೂತರೆ ಒಂದಕ್ಕೂ ಆರಕ್ಕೂ ಕಿರಿಕಿರಿ. ಒಂದೇ ಚಾನೆಲ್ಲಿನ ರೂಟರುಗಳು ಒಂದರ ಮಾತು ಇನ್ನೊಂದಕ್ಕೆ ತಿಳಿದು ಸರದಿ ಕಾಯುತ್ತವೆ. ಅರ್ಧಂಬರ್ಧ ತಾಗಿದರೆ ಮಾತು ತಿಳಿಯುವುದಿಲ್ಲ, ಬರೀ ಗಲಾಟೆ.

ಸೈದ್ಧಾಂತಿಕ ಚೌಕಟ್ಟು. ಅದನ್ನು ಕಟ್ಟುವ ತಾಳ್ಮೆ ನನಗಿಲ್ಲ. ಸಂವಾದ, ಬಹುತ್ವ, ಅನ್ಯದ ದನಿ ಎಂದು ಗಂಟೆಗಟ್ಟಲೆ ಗರ್ಜಿಸುವವರನ್ನು ಈ ಜಿಲ್ಲೆಯ ವಿಚಾರ ಸಂಕಿರಣಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಉದ್ಘಾಟಕರು, ಆಶಯ ಭಾಷಣಕಾರರು, ಮುಖ್ಯ ಅತಿಥಿಗಳು: ವೇದಿಕೆ ತುಂಬ ಓವನ್ನುಗಳು. ಊಟ ಮೂರಕ್ಕೆ. ವರ್ಷಗಟ್ಟಲೆ ಊರೂರು ಅಲೆದು ಬರೆದದ್ದನ್ನು ಓದಲು ಕಾರ್ಕಳದ ಹುಡುಗಿಯೊಬ್ಬಳು ನಿಂತಾಗ ಸಂಜೆ ಐದು. ಎರಡನೇ ಪುಟಕ್ಕೇ ಚೀಟಿ ಬಂತು: "ಬೇಗ ಮುಗಿಸಮ್ಮ." ಆಕೆ ನಡುವಿನ ಹಾಳೆಗಳನ್ನು ಒಟ್ಟಿಗೆ ಮಗುಚಿ, ಕೊನೆಯ ಪ್ಯಾರಾ ಓದಿ, ಎಲ್ಲರಿಗೂ ವಂದಿಸಿ ಇಳಿದಳು. ಆ ಹಾಳೆಗಳಲ್ಲಿ ಏನಿತ್ತೆಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವರು ಭಾಷಣ ಮುಗಿಸಿ ಕಾರು ಹತ್ತಿಯಾಗಿತ್ತು.

ಆಯೋಜಕರಲ್ಲಿ ಬಿನ್ನಹ: ಮುಂದಿನ ಸಲ ಬೆಳಗ್ಗೆ ಹತ್ತರ ಮೈಕನ್ನು ಆ ಹುಡುಗಿಯಂಥವರ ಕೈಗೆ ಕೊಡಿ. ಉದ್ಘಾಟನೆಯನ್ನು ಸಂಜೆ ಐದಕ್ಕೆ ಇಟ್ಟುಕೊಳ್ಳಿ.