ಶ್ರೀಮಾನ್ ಮೂರಕ್ಕೊಂದು ಅವರಿಗೆ ಬಿನ್ನವತ್ತಳೆ

ಮಾನ್ಯ ಕುಲಪತಿಗಳೇ, ಬೋರ್ಡ್ ಆಫ್ ಸ್ಟಡೀಸಿನ ಮಹನೀಯರೇ, ಬೆಳಗ್ಗೆಯಿಂದ ಎರಡು ಬ್ಯಾಚ್ ಮುಗಿಸಿ ಮೂರನೆಯದಕ್ಕೆ ಸಿದ್ಧರಾಗಿರುವ ಎಕ್ಸ್‌ಟರ್ನಲ್ ಎಕ್ಸಾಮಿನರ್ ಅವರೇ, ಅಟೆಂಡೆನ್ಸ್ ಸಿಗುತ್ತದೆಂಬ ಆಶ್ವಾಸನೆಯ ಮೇಲೆ ಸಭಾಂಗಣ ತುಂಬಿರುವ ಅಂತಿಮ ವರ್ಷದ ಜೀವಶಾಸ್ತ್ರದ ವಿದ್ಯಾರ್ಥಿಗಳೇ, ಸನ್ಮಾನದ ಹಣ್ಣಿನ ಬುಟ್ಟಿಗೆ ಆಹ್ವಾನಪತ್ರಿಕೆಯ ಹಂಗಿಲ್ಲದೆ ಆಗಮಿಸಿರುವ ಡ್ರಾಸೋಫಿಲಾ ನೊಣಗಳೇ, ಎಲ್ಲರಿಗೂ ನಮಸ್ಕಾರ. ಇಂದು ನಾವು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಗಂಧದ ಹಾರ ಹಾಕಿ ಗೌರವಿಸಲು ಹೊರಟಿರುವುದು ನಮ್ಮ ಪ್ರಯೋಗಶಾಲೆಗಳಲ್ಲಿ ಒಂದು ದಿನವೂ ರಜೆ ಹಾಕದ, ಒಮ್ಮೆಯೂ ಗುರಿ ತಪ್ಪದ, ಒಬ್ಬ ವಿದ್ಯಾರ್ಥಿಯನ್ನೂ ಫೇಲು ಮಾಡಿಸದ ಹಿರಿಯರನ್ನು. ಪ್ರಾಕ್ಟಿಕಲ್ ರೆಕಾರ್ಡಿನ ಖಾಯಂ ನಿವಾಸಿಗಳಾದ ಶ್ರೀಮಾನ್ ಮೂರಕ್ಕೊಂದು ಅವರ ಪರಿಚಯ ಇಲ್ಲಿ ಯಾರಿಗೂ ಬೇಕಿಲ್ಲ. ಎರಡು ಶುದ್ಧ ತಳಿಗಳನ್ನು ಕೂಡಿಸಿ, ಅವುಗಳ ಮಕ್ಕಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮೊಮ್ಮಕ್ಕಳಲ್ಲಿ ಪ್ರಬಲ ಗುಣದವು ಮೂರು ಪಾಲು, ಅಡಗಿದ್ದು ಮತ್ತೆ ಕಾಣಿಸಿಕೊಂಡ ಗುಣದವು ಒಂದು ಪಾಲು ಎಂಬುದು ಅವರ ಜಾತಕ. ಜಾತಕ ಸರಿಯಾಗಿಯೇ ಇದೆ. ಅದನ್ನು ನಮ್ಮ ಕಾಲೇಜುಗಳು ದಿನಚರಿಯನ್ನಾಗಿ ಮಾಡಿಕೊಂಡ ಬಗೆಯೇ ಇಂದಿನ ಅಭಿನಂದನೆಯ ವಿಷಯ.

ಸನ್ಮಾನಿತರ ಸೇವಾವಧಿಯಲ್ಲಿ ಏನೆಲ್ಲ ಬಂದು ಹೋಗಲಿಲ್ಲ! ವಾರ್ಷಿಕ ಪದ್ಧತಿ ಹೋಗಿ ಸೆಮಿಸ್ಟರ್ ಬಂತು. ಯುಜಿಸಿ ಛೇದನವನ್ನು ಕೈಬಿಡಿಸಿದ ಮೇಲೆ ಕಪ್ಪೆ ಮೇಜಿನಿಂದಿಳಿದು ಚಾರ್ಟಿಗೆ ವರ್ಗವಾಯಿತು. 2021ರಲ್ಲಿ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ಪದವಿಗೆ ಹೊರಳಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪತ್ರಿಕೆಗಳ ಹೆಸರು, ಕ್ರೆಡಿಟ್ಟು, ಕೋಡ್ ಸಂಖ್ಯೆ ಎಲ್ಲವೂ ಬದಲಾದವು. ಶ್ರೀಯುತರು ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. ಅವರ ಕಾರ್ಯವೈಖರಿಯನ್ನು ತುಸು ಹತ್ತಿರದಿಂದ ನೋಡಬೇಕು. ರವೆ, ಬೆಲ್ಲ, ಅಗರ್ ಬೇಯಿಸಿ, ಬೂಸ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲದ ಹನಿ ಹಾಕಿ ಮಾಡಿದ ಆಹಾರದ ಬಾಟಲಿಯಲ್ಲಿ ಮಾಮೂಲಿ ರೆಕ್ಕೆಯ ನೊಣಕ್ಕೂ ವೆಸ್ಟೀಜಿಯಲ್ ಎಂಬ ಮೊಟಕು ರೆಕ್ಕೆಯ ನೊಣಕ್ಕೂ ಸಂಬಂಧ ಬೆಳೆಸುತ್ತಾರೆ. ಎರಡನೆಯ ಪೀಳಿಗೆಯನ್ನು ಈಥರ್ ಕೊಟ್ಟು ಮಲಗಿಸಿ, ಬಿಳಿ ಟೈಲಿನ ಮೇಲೆ ಸುರಿದು, ಪೇಂಟಿಂಗ್ ಬ್ರಷ್ಷಿನ ತುದಿಯಿಂದ ಅತ್ತ ಇತ್ತ ಸರಿಸುತ್ತ ಎಣಿಸುತ್ತಾರೆ. ಈಥರ್ ಹೆಚ್ಚಾದವು ರೆಕ್ಕೆ ಮೇಲೆತ್ತಿ ಸತ್ತಿರುತ್ತವೆ, ಕಡಿಮೆಯಾದವು ನಡುವೆಯೇ ಎದ್ದು ಹೊರಟಿರುತ್ತವೆ. ಉಳಿದದ್ದನ್ನು ಪೆನ್ಸಿಲಿನಲ್ಲಿ ರಫ್ ಹಾಳೆಯ ಮೇಲೆ ಗುರುತು ಹಾಕಿದಾಗ 34, 6 ಎಂದು ಬಂತೆನ್ನಿ. ಆ ಹಾಳೆಯಿಂದ ಫೇರ್ ರೆಕಾರ್ಡಿಗೆ ಹೋಗುವ ಹಾದಿಯಲ್ಲೇ ಶ್ರೀಯುತರ ಪವಾಡ ನಡೆಯುವುದು. ಪೆನ್ಸಿಲ್ಲು ನೀಲಿ ಇಂಕಾಗುವಷ್ಟರಲ್ಲಿ ನಾಲ್ಕು ನೊಣಗಳ ರೆಕ್ಕೆ ಮೊಟಕಾಗಿ, 30, 10 ಎಂದು ಪುಟದ ಮೇಲೆ ಶಿಸ್ತಾಗಿ ನಿಂತಿರುತ್ತವೆ. ಕೆಳಗೆ ಸರ್ ಅವರ ಸಹಿ, ಮೇಲೆ ಸರ್ಟಿಫೈಡ್ ಎಂಬ ಮುದ್ರೆ.

ಈ ಪವಾಡದ ಅಳತೆ ಗೊತ್ತಾಗಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕು. ಸಿದ್ಧಾಂತ ನೂರಕ್ಕೆ ನೂರು ನಿಜವಾಗಿದ್ದು, ನಲವತ್ತು ನೊಣಗಳನ್ನು ಪ್ರಾಮಾಣಿಕವಾಗಿ ಎಣಿಸಿದರೂ ಸರಿಯಾಗಿ 30, 10 ಬರುವ ಸಂಭವ ಸುಮಾರು ಏಳಕ್ಕೊಂದು. ಇಪ್ಪತ್ತು ಜನರ ಬ್ಯಾಚಿನಲ್ಲಿ ಮೂರು ಮಂದಿಗೆ ಬಂದರೆ ಸರಿಯೆನ್ನಬಹುದು. ಇಪ್ಪತ್ತಕ್ಕೆ ಇಪ್ಪತ್ತೂ ಬಂದರೆ ಅದು ನೊಣದ ಗುಣವಲ್ಲ, ನೋಟ್ಸಿನ ಗುಣ. ಇನ್ನು ನಾವೇ ಪಾಠ ಮಾಡುವ ಕೈ ವರ್ಗ ಪರೀಕ್ಷೆ ಏನನ್ನುತ್ತದೆ? ಎಣಿಕೆಗೂ ನಿರೀಕ್ಷೆಗೂ ಇರುವ ಅಂತರವನ್ನು ಅಳೆದಾಗ ಬರುವ ಬೆಲೆ 3.84 ದಾಟಿದರೆ ಸಿದ್ಧಾಂತವನ್ನು ಅನುಮಾನಿಸು ಎನ್ನುತ್ತದೆ. ಆದರೆ ಸಿದ್ಧಾಂತ ನಿಜವಿದ್ದಾಗಲೂ ಇಪ್ಪತ್ತರಲ್ಲಿ ಹೆಚ್ಚುಕಡಿಮೆ ಒಂದು ಎಣಿಕೆ ಆ ಗೆರೆ ದಾಟಿಯೇ ದಾಟುತ್ತದೆ ಎಂಬುದೂ ಅದೇ ಪಾಠದ ಭಾಗ. ಅಂದರೆ ಸರಾಸರಿ ಬ್ಯಾಚಿಗೆ ಒಬ್ಬ ಹುಡುಗನೋ ಹುಡುಗಿಯೋ ಯಾವ ತಪ್ಪೂ ಮಾಡದೆ ಸೋಲಬೇಕು. ಹಾಗೆ ಸೋತ ಒಂದು ರೆಕಾರ್ಡನ್ನು ಸಭೆಯಲ್ಲಿ ಯಾರಾದರೂ ಕಂಡಿದ್ದರೆ ದಯವಿಟ್ಟು ಎದ್ದು ನಿಲ್ಲಬೇಕು. ಯಾರೂ ಏಳುತ್ತಿಲ್ಲ. ಚಪ್ಪಾಳೆ.

ಸನ್ಮಾನಿತರ ವಂಶಾವಳಿಯನ್ನು ಬಿಡುವಂತಿಲ್ಲ. ಬ್ರುನ್ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಬೆಳೆಸಿದ ಗ್ರೆಗರ್ ಮೆಂಡಲ್ 1865ರಲ್ಲಿ ಓದಿ 1866ರಲ್ಲಿ ಅಚ್ಚು ಹಾಕಿಸಿದ ಪ್ರಬಂಧದಲ್ಲಿ ಗುಂಡು ಕಾಳು 5474, ಸುಕ್ಕು ಕಾಳು 1850. ಮೂರಕ್ಕೊಂದಕ್ಕೆ ಹತ್ತೊಂಬತ್ತು ಕಾಳಿನಷ್ಟೇ ದೂರ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಮೆಂಡಲನ ಲೆಕ್ಕಗಳನ್ನೆಲ್ಲ ಒಟ್ಟು ಹಾಕಿ ನೋಡಿ, ಇವು ಇರಬೇಕಾದ್ದಕ್ಕಿಂತ ಹೆಚ್ಚು ಅಚ್ಚುಕಟ್ಟಾಗಿವೆ ಎಂದ. ಮೆಂಡಲನ ಮೇಲೆ ನೇರ ಆರೋಪ ಹೊರಿಸದೆ, ಏನು ಬರಬೇಕೆಂದು ಮೊದಲೇ ಬಲ್ಲ ಸಹಾಯಕನೊಬ್ಬ ಕೈಯಾಡಿಸಿರಬಹುದೆಂದು ಶಂಕಿಸಿದ. ಅದರ ವಾದ ವಿವಾದ ಇನ್ನೂ ಮುಗಿದಿಲ್ಲ. ಆ ಸಹಾಯಕ ಇದ್ದನೋ ಇಲ್ಲವೋ, ಅವನ ಸಂತತಿ ಮಾತ್ರ ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಸುಖವಾಗಿದೆ. ಮೆಂಡಲನೇ ಇಷ್ಟು ನೀಟಾಗಿದ್ದ ಮೇಲೆ ನಮ್ಮ ಹುಡುಗರದ್ದೇನು ತಪ್ಪು ಎಂದು ಸನ್ಮಾನಿತರ ವಕೀಲರು ಕೇಳಬಹುದು. ಆದರೆ ಅದೇ ಪ್ರಬಂಧವನ್ನು ಇನ್ನೊಂದಿಷ್ಟು ಓದಿದರೆ, ಒಂದು ಗಿಡದಲ್ಲಿ 43 ಗುಂಡು, ಬರೀ 2 ಸುಕ್ಕು, ಇನ್ನೊಂದರಲ್ಲಿ 14 ಗುಂಡು, 15 ಸುಕ್ಕು ಎಂದು ಮೆಂಡಲ್ ತಾನಾಗಿಯೇ ಬರೆದಿಟ್ಟಿದ್ದಾನೆ. ಸುಕ್ಕು ಕಾಳು ಗುಂಡಿಗಿಂತ ಹೆಚ್ಚು! ಆರನೇ ಸೆಮಿಸ್ಟರಿನ ರೆಕಾರ್ಡಿನಲ್ಲಿ ಈ ಗಿಡ ಹುಟ್ಟಿದ್ದರೆ ಅದೇ ಸಂಜೆ ಕಿತ್ತು ಎಸೆಯುತ್ತಿದ್ದರು.

ಈಗ ಶ್ರೀಯುತರಿಗೆ ಅವಿಧೇಯರಾಗಿ ನಡೆದುಕೊಂಡ ಕೆಲವರ ಹೆಸರನ್ನು ವಿಷಾದದಿಂದ ಹೇಳಬೇಕಾಗಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ಗಂಡು ನೊಣವೊಂದನ್ನು ಹಿಡಿದು ಕೆಂಗಣ್ಣಿನ ಹೆಣ್ಣಿಗೆ ಕೂಡಿಸಿದ. ಮೊಮ್ಮಕ್ಕಳಲ್ಲಿ ಕೆಂಗಣ್ಣಿನ ಹೆಣ್ಣು 2459, ಕೆಂಗಣ್ಣಿನ ಗಂಡು 1011, ಬಿಳಿಗಣ್ಣಿನ ಗಂಡು 782. ಬಿಳಿಗಣ್ಣಿನ ಹೆಣ್ಣು ಒಂದೂ ಇಲ್ಲ. ಮೂರಕ್ಕೊಂದರ ಪ್ರಕಾರ ಬಿಳಿಗಣ್ಣಿನವು 1063 ಇರಬೇಕಿತ್ತು, 281 ಕಡಿಮೆ. ಕೈ ವರ್ಗ ಕಟ್ಟಿದರೆ 3.84 ಎಲ್ಲಿ, ಸುಮಾರು 99 ಎಲ್ಲಿ! ಈ ರೆಕಾರ್ಡ್ ನಮ್ಮ ಎಕ್ಸಾಮಿನರ್ ಅವರ ಮುಂದೆ ಬಂದಿದ್ದರೆ 'ರಿಪೀಟ್' ಎಂದು ಕೆಂಪು ಇಂಕಿನಲ್ಲಿ ಬರೆದು ವಾಪಸು ಮಾಡುತ್ತಿದ್ದರು. ಮಾರ್ಗನ್ ಸಂಖ್ಯೆಗಳನ್ನು ಇದ್ದಂತೆಯೇ ಅಚ್ಚು ಹಾಕಿಸಿದ. ಬಿಳಿ ಕಣ್ಣು ಗಂಡಿಗೇ ಅಂಟಿಕೊಂಡಿದ್ದರಿಂದ ಜೀನ್‌ಗೂ ಲಿಂಗ ನಿರ್ಣಯದ ಕ್ರೋಮೋಸೋಮಿಗೂ ನಂಟು ಕಂಡಿತು. ಕೊರತೆ ಬಿದ್ದ 281ರ ಹಿಂದೆ ಬಿಳಿಗಣ್ಣಿನ ಮರಿಗಳು ಬದುಕುಳಿಯುವುದು ಕಡಿಮೆಯೆಂಬ ಇನ್ನೊಂದು ಸಂಗತಿ ಇತ್ತು. ನೊಬೆಲ್ ಬಂದದ್ದು 1933ರಲ್ಲಿ, ಫೇರ್ ರೆಕಾರ್ಡಿಗಲ್ಲ. ಇಂಗ್ಲೆಂಡಿನ ಬೇಟ್ಸನ್, ಸಾಂಡರ್ಸ್, ಪನ್ನೆಟ್ 1905ರ ಹೊತ್ತಿಗೆ ಸ್ವೀಟ್ ಪೀ ಹೂವಿನ 381 ಗಿಡಗಳಲ್ಲಿ 284, 21, 21, 55 ಎಂಬ ವಿಚಿತ್ರ ಹಂಚಿಕೆ ಕಂಡರು. ಎರಡು ಗುಣಗಳನ್ನು ಒಟ್ಟಿಗೆ ಎಣಿಸಿದಾಗ ನಿರೀಕ್ಷಿಸುವ, ಸನ್ಮಾನಿತರ ದೊಡ್ಡಪ್ಪನಾದ 9:3:3:1 ಅಲ್ಲಿ ಎಲ್ಲೂ ಇರಲಿಲ್ಲ. ಅವರು ಕೊಟ್ಟ ವಿವರಣೆ ನಿಲ್ಲಲಿಲ್ಲ, ಆದರೆ ಬರೆದಿಟ್ಟ ಸಂಖ್ಯೆ ನಿಂತಿತು. ಒಂದೇ ಕ್ರೋಮೋಸೋಮಿನ ಮೇಲೆ ಕೂತ ಜೀನ್‌ಗಳು ಜೊತೆಯಾಗಿ ಸಾಗುತ್ತವೆಂಬ ಮುಂದಿನ ತಿಳಿವಿಗೆ ಅದು ಸಾಕ್ಷಿಯಾಯಿತು. ಫ್ರಾನ್ಸಿನ ಕ್ಯುಯೆನೋನ ಹಳದಿ ಇಲಿಗಳು ಎರಡಕ್ಕೊಂದರಂತೆ ಹುಟ್ಟಿದ್ದೂ ಅಷ್ಟೇ: ಕಾಣೆಯಾದ ಪಾಲಿನ ಮರಿಗಳು ಹುಟ್ಟುವ ಮೊದಲೇ ಸತ್ತಿದ್ದವು.

ಇವರೆಲ್ಲ ದೊಡ್ಡವರು, ಪದವಿ ವಿದ್ಯಾರ್ಥಿಗಳಿಗೂ ಇವರಿಗೂ ಏನು ಸಂಬಂಧ ಎನ್ನುವವರಿಗಾಗಿ ಇನ್ನಿಬ್ಬರು. ಆಲ್ಫ್ರೆಡ್ ಸ್ಟರ್ಟಿವಂಟ್ ಮಾರ್ಗನ್ನನ ನೊಣದ ಕೋಣೆಗೆ ಬಂದಾಗ ಕೊಲಂಬಿಯಾದ ಪದವಿ ವಿದ್ಯಾರ್ಥಿ. 1911ರ ಒಂದು ರಾತ್ರಿ ಕಾಲೇಜಿನ ಹೋಂವರ್ಕ್ ಬದಿಗಿಟ್ಟು, ಒಟ್ಟಿಗಿರಬೇಕಾದ ಗುಣಗಳು ಎಷ್ಟು ಸಲ ಬೇರೆಯಾಗಿವೆ ಎಂಬ ಲೆಕ್ಕದಿಂದಲೇ ಜೀನ್‌ಗಳ ನಡುವಿನ ದೂರ ಅಳೆದು ಪ್ರಪಂಚದ ಮೊದಲ ಕ್ರೋಮೋಸೋಮ್ ನಕ್ಷೆ ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಇಂಟರ್ನಲ್ ಮಾರ್ಕ್ಸ್ ಎಷ್ಟು ಬಂತೆಂದು ಕೇಳಬೇಡಿ. ಅದೇ ಕೋಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಬಾಟಲಿ ತೊಳೆಯಲು ಸೇರಿದ ಕ್ಯಾಲ್ವಿನ್ ಬ್ರಿಜಸ್, ಸುಮಾರು ಎರಡು ಸಾವಿರಕ್ಕೊಂದರಂತೆ ಕಾಣಿಸುವ, ಯಾವ ನಿಯಮಕ್ಕೂ ಒಗ್ಗದ ನೊಣಗಳ ಬೆನ್ನು ಹತ್ತಿದ. ಜೀನ್‌ಗಳು ಕ್ರೋಮೋಸೋಮಿನ ಮೇಲಿವೆಯೆಂಬುದಕ್ಕೆ ಅವನು 1916ರಲ್ಲಿ ಕೊಟ್ಟ ಪುರಾವೆ ಈ ಅಪವಾದಗಳಿಂದಲೇ ಬಂದದ್ದು. ಎರಡು ಸಾವಿರಕ್ಕೊಂದು! ನಮ್ಮಲ್ಲಿ ನಲವತ್ತಕ್ಕೆ ನಾಲ್ಕನ್ನೇ ನಾವು ಉಳಿಸಿಕೊಳ್ಳುವುದಿಲ್ಲ.

ದೂರದ ಮಾತು ಸಾಕೆಂದರೆ ಮಾನಸಗಂಗೋತ್ರಿಗೆ ಬರೋಣ. ಎಂ.ಆರ್. ರಾಜಶೇಖರ ಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ ಅವರ ಕಾಲದಿಂದ ಮೈಸೂರು ವಿಶ್ವವಿದ್ಯಾನಿಲಯ ಡ್ರಾಸೋಫಿಲಾ ಅಧ್ಯಯನದ ನೆಲೆ. ಅಲ್ಲಿ ತಳಿಭಂಡಾರವಿದೆ, ಒಂದು ನೊಣಕ್ಕೆ ಡ್ರಾಸೋಫಿಲಾ ರಾಜಶೇಖರಿ ಎಂದೇ ಹೆಸರಿಟ್ಟಿದ್ದರು. ಎಂಟು ಕ್ರೋಮೋಸೋಮುಗಳ ನಸುಟಾ ನೊಣಕ್ಕೂ ಆರು ಕ್ರೋಮೋಸೋಮುಗಳ ಆಲ್ಬೊಮಿಕನ್ಸ್ ನೊಣಕ್ಕೂ ಕೂಡಿಕೆ ಮಾಡಿ, ಪೀಳಿಗೆಯ ಮೇಲೆ ಪೀಳಿಗೆ ಸಾಕಿದಾಗ ಅಪ್ಪನನ್ನೂ ಹೋಲದ ಅಮ್ಮನನ್ನೂ ಹೋಲದ ಕ್ರೋಮೋಸೋಮ್ ಜೋಡಣೆಯ ಹೊಸ ತಳಿಗಳು ಬಾಟಲಿಯಲ್ಲೇ ರೂಪುಗೊಂಡವು. ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಅವನ್ನು ಸೈಟೋರೇಸ್ ಎಂದು ಕರೆದರು. ಬರಬೇಕಾದ್ದು ಬರಲಿಲ್ಲವೆಂದು ಬಾಟಲಿ ತೊಳೆದಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇಂಥ ಸಂಶೋಧನೆಯ ನೆರಳಲ್ಲೇ ಇರುವ ನಾಡಿನ ಪದವಿ ಪ್ರಯೋಗಶಾಲೆಗಳಲ್ಲಿ ನೊಣಗಳಿಗೆ ಡೀವಿಯೇಟ್ ಆಗುವ ಹಕ್ಕಿಲ್ಲದಿರುವುದು ಶ್ರೀಯುತರ ವ್ಯಕ್ತಿತ್ವದ ಪ್ರಭಾವಕ್ಕೆ ಸಾಕ್ಷಿ.

ಸಭೆಯಲ್ಲಿ ಗೊಣಗಾಟ ಕೇಳಿಸುತ್ತಿದೆ. ಹುಡುಗರು ಬಂದಿರುವುದು ಕಲಿಯಲು, ಕಂಡುಹಿಡಿಯಲು ಅಲ್ಲ ಎನ್ನುತ್ತಿದ್ದಾರೆ ಹಿಂದಿನ ಸಾಲಿನವರು. ಒಪ್ಪಿದೆ. ಆದರೆ ಕಲಿಯಬೇಕಾದ್ದು ಏನು? ಮೂರಕ್ಕೊಂದು ಎಂಬುದನ್ನು ಪಿಯುಸಿಯಲ್ಲೇ ಕಲಿತು ಬಂದಿದ್ದಾರೆ. ಅಂತಿಮ ವರ್ಷದಲ್ಲಿ ಉಳಿದಿರುವ ಕಲಿಕೆ ಒಂದೇ: ಎಣಿಕೆ ನಿರೀಕ್ಷೆಯನ್ನು ತಪ್ಪಿದಾಗ ಅದು ಬರೀ ಆಕಸ್ಮಿಕವೋ, ತನ್ನ ಕೈತಪ್ಪೋ, ನೊಣದ್ದೇ ಏನೋ ಸಂಗತಿಯೋ ಎಂದು ಬಿಡಿಸಿ ನೋಡುವುದು. ಎಂದೂ ಯಾರನ್ನೂ ಸೋಲಿಸದ ಕೈ ವರ್ಗ ಪರೀಕ್ಷೆಯನ್ನು ಬರೆಸುವುದರಿಂದ ಅದನ್ನು ಕಲಿಸಿದಂತಾಗುವುದಿಲ್ಲ. ಕೈತಪ್ಪಿನಿಂದ ಬಂದ ಸಂಖ್ಯೆಗೂ ಮಾರ್ಕ್ಸ್ ಕೊಡಬೇಕೆ ಎಂಬುದು ಮುಂದಿನ ಸಾಲಿನ ಪ್ರಶ್ನೆ. ತಪ್ಪಿಗೂ ಗುರುತು ಇರುತ್ತದೆ. ಮೊಟಕು ರೆಕ್ಕೆಯ ಕನ್ಯೆ ನೊಣ ಹಿಡಿಯುವುದರಲ್ಲಿ ಎಡವಿದರೆ ಇರಬಾರದ ಮೊಟಕು ರೆಕ್ಕೆ ಮೊದಲ ಪೀಳಿಗೆಯಲ್ಲೇ ಹಾಜರಾಗುತ್ತದೆ. ಬಾಟಲಿಯಲ್ಲಿ ಮರಿಗಳು ಕಿಕ್ಕಿರಿದರೆ ವೆಸ್ಟೀಜಿಯಲ್‌ಗಳು ಹೆಚ್ಚಾಗಿ ಸಾಯುತ್ತವೆ. ಆ 34, 6ರ ಹಿಂದೆ ಇದೇ ಇದ್ದಿರಬಹುದು. ಇನ್ನೊಂದು ಬಾಟಲಿಯಲ್ಲಿ ಮೊಟ್ಟೆ ಕಡಿಮೆ ಇಡಿಸಿ ನೋಡಿದರೆ ಗೊತ್ತಾಗುತ್ತಿತ್ತು. ತಿದ್ದಿ ಬರೆದವನಿಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ.

ಸಮಯವಿಲ್ಲ, ದುಡ್ಡಿಲ್ಲ ಎಂಬ ಆಕ್ಷೇಪಗಳನ್ನು ಬೇಗ ಮುಗಿಸೋಣ. ಇಪ್ಪತ್ತೈದು ಡಿಗ್ರಿ ಶಾಖದಲ್ಲಿ ಮೊಟ್ಟೆ ನೊಣವಾಗಲು ಸುಮಾರು ಹತ್ತು ದಿನ. ಒಂದು ತಿಂಗಳಲ್ಲಿ ಎರಡು ಪೀಳಿಗೆ ಮುಗಿಯುತ್ತದೆ. ನೊಣವೂ ಇಲ್ಲದ ಕಾಲೇಜಿನಲ್ಲಿ ಚೀಲದಿಂದ ಕೆಂಪು ಬಿಳಿ ಮಣಿ ತೆಗೆದರೂ ಸಾಕು, ಕಣ್ಣು ಮುಚ್ಚಿ ತೆಗೆದ ಮಣಿಗಳೂ ಶ್ರೀಯುತರ ಮಾತು ಪೂರ್ತಿ ಕೇಳುವುದಿಲ್ಲ. ಗಟ್ಟಿ ಆಕ್ಷೇಪ ಇನ್ನೊಂದಿದೆ: ಯಾವ ಸಂಖ್ಯೆಗೂ ಮಾರ್ಕ್ಸ್ ಉಂಟೆಂದರೆ ಸೋಮಾರಿಗಳು ಎಣಿಸದೆಯೇ ಬಾಯಿಗೆ ಬಂದದ್ದು ಬರೆಯುತ್ತಾರಲ್ಲ? ಬರೆಯಬಹುದು. ಆದರೆ ಈಗಲೂ ಎಣಿಸದೆಯೇ ಬರೆಯುತ್ತಿದ್ದಾರೆ, ಅದೂ ಉತ್ತರ ಮೊದಲೇ ಗೊತ್ತಿರುವುದರಿಂದ ಸಲೀಸಾಗಿ. ಯಾವ ದಿನ ಎಷ್ಟು ಹೊರಬಂದವು, ಗಂಡೆಷ್ಟು ಹೆಣ್ಣೆಷ್ಟು, ಸತ್ತದ್ದೆಷ್ಟು, ಹಾರಿಹೋದದ್ದೆಷ್ಟು ಎಂದು ಬಿಡಿಬಿಡಿಯಾಗಿ ಕೇಳಿದರೆ ಕಟ್ಟುಕಥೆ ಹೆಣೆಯುವುದು ಎಣಿಸುವುದಕ್ಕಿಂತ ಕಷ್ಟ. ಕಲ್ಪಿಸಿದ ಸಂಖ್ಯೆ ಸಾಮಾನ್ಯವಾಗಿ ಅತಿ ಅಚ್ಚುಕಟ್ಟಾಗಿರುತ್ತದೆ; ಫಿಶರನಿಗೆ ವಾಸನೆ ಬಡಿದದ್ದೂ ಅಲ್ಲೇ.

ಆದ್ದರಿಂದ ಶ್ರೀಮಾನ್ ಮೂರಕ್ಕೊಂದು ಅವರಿಗೆ ಪ್ರಾಕ್ಟಿಕಲ್ ವಿಭಾಗದಿಂದ ಗೌರವಪೂರ್ವಕ ನಿವೃತ್ತಿ ಕೊಟ್ಟು, ಅವರ ನಿಜವಾದ ಮನೆಯಾದ ಥಿಯರಿ ಪತ್ರಿಕೆಗೆ ಕಳುಹಿಸಬೇಕೆಂದು ಈ ಬಿನ್ನವತ್ತಳೆ ಕೋರುತ್ತದೆ. ನಿರೀಕ್ಷೆಯಾಗಿ ಅವರು ಪೂಜ್ಯರು, ಎಣಿಕೆಯಾಗಿ ಅಲ್ಲ. ಅವರಿಂದ ತೆರವಾದ ಸ್ಥಾನಕ್ಕೆ ಹೊಸ ಹುದ್ದೆ ಸೃಷ್ಟಿಸುವುದು ಬೇಡ. ಎಣಿಸಿದ ದಿನವೇ ರಫ್ ಹಾಳೆಗೆ ಸರ್ ಅವರು ಸಹಿ ಹಾಕಿ, ಅದನ್ನೇ ರೆಕಾರ್ಡಿಗೆ ಅಂಟಿಸಿದರೆ ಸಾಕು. ವೈವಾದಲ್ಲಿ ಎಕ್ಸಾಮಿನರ್ ಅವರು "ರೇಷಿಯೋ ಎಷ್ಟು?" ಎಂಬುದರ ಬದಲು "ನಿನ್ನ ಲೆಕ್ಕ ಯಾಕೆ ಹೀಗಿದೆ?" ಎಂದು ಕೇಳಲಿ. ಇನ್ನು ಶಾಲು, ಪೇಟ, ಹಾರ ಅರ್ಪಿಸುವ ಕಾರ್ಯಕ್ರಮ. ಕಾಲದ ಅಭಾವದಿಂದ ಸನ್ಮಾನಿತರ ಉತ್ತರ ಭಾಷಣವನ್ನು ಕೈಬಿಡಲಾಗಿದೆ. ಬೇಕಾದವರು ಪಕ್ಕದವರ ರೆಕಾರ್ಡ್ ತೆರೆದು ಓದಿಕೊಳ್ಳಬಹುದು, ಯಾರ ಪಕ್ಕದವರದಾದರೂ ಆದೀತು.