ಲಾಗ್ ಕಳಿಸಿ, ಆಮೇಲೆ ಮಾತಾಡೋಣ

ಸಹಕಾರಿ ಬ್ಯಾಂಕಿನ ಸರ್ವರಿನ ಮುಂಭಾಗದಲ್ಲಿ ಹಳದಿ ದೀಪ ಮಿನುಗುತ್ತಿದೆ. ಬ್ಯಾಂಕಿನವರು ಸರ್ವರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದಾರೆ.

“ಸರ್, ಬೂಟ್ ಆಗ್ತಿಲ್ಲ. ಮೆಮೊರಿ ಹೋಗಿರೋ ಹಾಗಿದೆ.”

“ಲಾಗಿನ್ ಆಗಿ ಲಾಗ್ ಕಳಿಸಿ ಸರ್.”

“ಬೂಟೇ ಆಗದಿದ್ರೆ ಲಾಗಿನ್ ಎಲ್ಲಿಗೆ?”

“ಬಿಎಂಸಿ ಇದೆಯಲ್ಲ! ಕರೆಂಟ್ ಇದ್ರೆ ಸಾಕು, ಸರ್ವರ್ ಸತ್ತರೂ ಅದು ಎಚ್ಚರವಾಗಿರುತ್ತೆ.”

(ಇದು ನಿಜ. ಸರ್ವರನ್ನು ದೂರದಿಂದ ನೋಡಿಕೊಳ್ಳುವ ಆ ಪುಟ್ಟ ಚಿಪ್ಪಿಗೆ ಸಾಮಾನ್ಯವಾಗಿ ಬೇರೆಯೇ ನೆಟ್‌ವರ್ಕ್ ಪೋರ್ಟ್ ಇರುತ್ತದೆ. ಖರೀದಿಸಿದ ದಿನದಿಂದ ಅದಕ್ಕೆ ಯಾರೂ ಕೇಬಲ್ ಚುಚ್ಚಿರುವುದಿಲ್ಲ.)

ಕೇಬಲ್ ಸಿಕ್ಕಿತು, ಲಾಗ್ ಹೋಯಿತು.

“ಸರ್, ದೋಷದ ತಾರೀಕು 1970 ಜನವರಿ 1 ಅಂತಿದೆ.”

“ಗಡಿಯಾರ ಕೆಟ್ಟಿದೆ ಅಷ್ಟೆ. ಎಷ್ಟೋ ಕಂಪ್ಯೂಟರ್‌ಗಳ ಲೆಕ್ಕ ಅಲ್ಲಿಂದಲೇ ತಾನೇ ಶುರು?”

“ಆದ್ರೆ ವಾರಂಟಿಗೆ ಮೊದಲಿನ ದೋಷ ನಮಗೆ ಬರಲ್ಲ.”

“ಆಗ ನಮ್ಮಪ್ಪನಿಗೇ ಮದುವೆ ಆಗಿರಲಿಲ್ಲ ಸ್ವಾಮಿ!”

“ಬೇಜಾರಾಗ್ಬೇಡಿ. ಎ1 ಸ್ಲಾಟಿನ ಮೆಮೊರಿಯನ್ನ ಬಿ1ಗೆ, ಬಿ1ರದ್ದನ್ನ ಎ1ಗೆ ಹಾಕಿ. ದೋಷ ಜೊತೆಗೇ ಹೋದ್ರೆ ಮೆಮೊರಿದು, ಅಲ್ಲೇ ಉಳಿದ್ರೆ ಬೋರ್ಡಿಂದೋ ಪ್ರೊಸೆಸರಿಂದೋ.”

“ಹಾಕಿದೆ. ಜೊತೆಗೇ ಹೋಯ್ತು. ಹೊಸದು ಕಳಿಸ್ತೀರಾ?”

“ಮೊದಲು ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಹೊಸ ಲಾಗ್ ಕಳಿಸಿ.”

“ಹಳೇ ಲಾಗ್ ಏನಾಯ್ತು?”

“ಅದನ್ನ ನೋಡ್ತಿದ್ದವರ ಶಿಫ್ಟ್ ಮುಗೀತು ಸರ್. ನಿಮ್ಮ ಸಮಸ್ಯೆ ಏನು ಅಂತ ಒಮ್ಮೆ ಹೇಳ್ತೀರಾ?”