ಮಡಿಯುಟ್ಟ ಲೆಕ್ಕಪತ್ರ: ಒಂದು ಮಹಾಪ್ರಬಂಧದ ಪೀಠಿಕೆ

ಸಾಂಸ್ಥಿಕ ಸದ್ಗುಣವು ಸ್ವರೂಪತಃ ಬಹುಸ್ತರೀಯವೂ ಪರಸ್ಪರಪ್ರತ್ಯಯಸಾಪೇಕ್ಷವೂ ಆಗಿದೆ ಎಂಬುದು ನಿರ್ವಿವಾದ. ಈ ವಾಕ್ಯ ನನ್ನದಲ್ಲ. ಜಯನಗರದ ವಿಚಾರ ಸಂಕಿರಣವೊಂದರಲ್ಲಿ ಮೂರು ಗಂಟೆ ಕೂತು, ತಣ್ಣಗಾದ ಉದ್ದಿನವಡೆಯ ಜೊತೆ ಉಚಿತವಾಗಿ ಪಡೆದದ್ದು. ಅರ್ಥ ಕೇಳಿದವರಿಗೆ 'ಸಮಯದ ಅಭಾವ' ಎಂದರು.

ಆದಕಾರಣ ಪ್ರಸ್ತುತ ಸಂಶೋಧಕನು ಬನಶಂಕರಿಯಿಂದ ಬಸವನಗುಡಿಯವರೆಗೆ ಕ್ಷೇತ್ರಕಾರ್ಯ ನಡೆಸಿ (ವಾಹನ: ಬಿಎಂಟಿಸಿ) ಸದ್ಗುಣವನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ.

1. ನಾಮನಿಷ್ಠ ಸದ್ಗುಣ: ದೇವರದೋ ಗುರುಗಳದೋ ಹೆಸರಿಟ್ಟ ಕೂಡಲೇ ಸಂಸ್ಥೆಯ ಲೆಕ್ಕಪತ್ರ ಮಡಿಯುಟ್ಟುಕೊಳ್ಳುತ್ತದೆ. ಮಡಿಯಲ್ಲಿರುವುದನ್ನು ಮುಟ್ಟುವಂತಿಲ್ಲ. ಲೆಕ್ಕಪರಿಶೋಧನೆಯ ಮೂಲತತ್ತ್ವ ಇದೇ.

2. ಭಿತ್ತಿನಿಷ್ಠ ಸದ್ಗುಣ: 'ಗ್ರಾಹಕರೇ ದೇವರು' ಎಂದು ಗೋಡೆಗೆ ತೂಗುಹಾಕಿದ್ದು. ದೇವರಿಗೆ ನೈವೇದ್ಯ ತೋರಿಸಿ ತಾವೇ ಉಣ್ಣುವುದು ಪೂಜಾವಿಧಿಯೇ ಆದ್ದರಿಂದ ಇಲ್ಲಿ ವಿರೋಧಾಭಾಸವಿಲ್ಲ.

3. ಬಡ್ಡಿನಿಷ್ಠ ಸದ್ಗುಣ: ಬಡ್ಡಿ ಹೆಚ್ಚಿದಷ್ಟೂ ಸಂಸ್ಥೆ ಒಳ್ಳೆಯದೆನಿಸುತ್ತದೆ. ಇದಕ್ಕೆ ತತ್ತ್ವಜ್ಞಾನಿ ಮ್ಯಾಕಿಂಟೈರ್ ಬೇಕು. ಹಣ, ಅಧಿಕಾರ, ಅಂತಸ್ತುಗಳ ಹಿಂದೆ ಬೀಳುವುದು ಸಂಸ್ಥೆಗಳ ಸ್ವಭಾವ, ಒಳಗಿನವರಲ್ಲಿ ಸದ್ಗುಣವಿಲ್ಲದಿದ್ದರೆ ತಾವು ಕಾಯಬೇಕಾದ ಕಾಯಕವನ್ನೇ ಅವು ಕೆಡಿಸುತ್ತವೆ ಎಂದು ಆತ 1981ರಲ್ಲಿ ಒಂದು ಗ್ರಂಥವನ್ನೇ ಬರೆದು ವಾದಿಸಿದ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ನಮ್ಮಜ್ಜಿ ನಾಲ್ಕೇ ಮಾತಿನಲ್ಲಿ ಮುಗಿಸುತ್ತಿದ್ದಳು. ಸಂಕಿರಣ ಮಾಡುತ್ತಿರಲಿಲ್ಲ.

ನಾಲ್ಕು, ಐದು ಬೇಡ ಬಿಡಿ. ಉದಾಹರಣೆಯೊಂದೇ ಸಾಕು.

2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಒಬ್ಬರಿಗೆ 35,000 ರೂಪಾಯಿ. ನೀವು ಎಷ್ಟೇ ಇಟ್ಟಿರಲಿ, ಆಗ ಕೈಗೆ ಬರುತ್ತಿದ್ದದ್ದು ಅಷ್ಟೇ. ಠೇವಣಿ ವಿಮೆ ಆಗ 1 ಲಕ್ಷ. ಫೆಬ್ರವರಿ 4ರಿಂದ 5 ಲಕ್ಷವಾಯಿತು. ಇಟ್ಟವರಲ್ಲಿ ಎಷ್ಟೋ ಮಂದಿ ನಿವೃತ್ತರು. ಅದು ಪಿಎಫ್ ಗಂಟು, ಗ್ರಾಚ್ಯುಟಿ, ಸೈಟು ಮಾರಿದ ದುಡ್ಡು. ನಿರ್ಬಂಧದ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಎಪ್ಪತ್ತೈದಾದವರಿಗೆ ಇನ್ನಾರು ತಿಂಗಳು ಕಾಯಿರಿ ಎನ್ನುವುದು ಯಾವ ನಿಷ್ಠ ಸದ್ಗುಣ, ಸ್ವಾಮಿ?

ಆ ಸಂಕಿರಣದ ಮೂರು ಗಂಟೆಯಲ್ಲಿ ಈ ಬ್ಯಾಂಕಿನ ಪ್ರಸ್ತಾಪ ಬರಲಿಲ್ಲ. ಸಭಾಂಗಣದಿಂದ ಅದು ಒಂದು ಆಟೋ ದೂರ. ಊಟದ ಹೊತ್ತಿಗೆ ಮಾತ್ರ ಒಬ್ಬರು, "ಬಡ್ಡಿ ಆಸೆಗೆ ಬಿದ್ದರು, ಪಾಪ" ಎಂದರು. ಆಸೆಯೇ? ಔಷಧಿ ಅಂಗಡಿಯ ಬಿಲ್ಲಿಗೆ ತುಸು ಹೆಚ್ಚು ಬಡ್ಡಿ ಹುಡುಕಿದ್ದು ಆಸೆಯೇ?

ಗುರುವಾರ ಜಯನಗರ 5ನೇ ಬ್ಲಾಕಿನ ರಾಘವೇಂದ್ರ ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕುವವರಲ್ಲಿ ಆ ಪಾಸ್‌ಬುಕ್ಕಿನವರೂ ಇದ್ದಾರೆ. ಹೆಸರನ್ನು ಬಳಸಿಕೊಂಡವರ ಮೇಲೆ ಸಿಟ್ಟಿದೆ. ರಾಯರ ಮೇಲೆ ಮುನಿಸಿಲ್ಲ. ಆ ಪಾಸ್‌ಬುಕ್ಕಿನವರ ಈ ಗುಣವನ್ನು ಯಾವ ವರ್ಗಕ್ಕೆ ಸೇರಿಸಲಿ ಎಂದು ಪ್ರಸ್ತುತ ಸಂಶೋಧಕನಿಗೆ ಇನ್ನೂ ಹೊಳೆದಿಲ್ಲ.